ನೂರನೆಯ ಪಾದ

ನನ್ನ ತಂಗಿಯ ಮಗಳು ರಾಜೇಶ್ವರಿ ಏನು ಕೆಲಸ ಮಾಡುತ್ತಾಳೆ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತಿತ್ತು. ನಮಗೇ ಗೊತ್ತಿಲ್ಲದ್ದನ್ನು ನಾಲ್ಕು ಜನರ ಮುಂದೆ ಕೇಳಿದರೆ ಯಾರಿಗೆ ಬರುವುದಿಲ್ಲ? ನನ್ನದು ಹಿಟ್ಟಿನ ಗಿರಣಿ. ಜೋಳದ ಬುಟ್ಟಿಗಳನ್ನು ಸಾಲಿನಲ್ಲಿಟ್ಟು ಕಾಯುತ್ತ ಕೂತವರಿಗೆ ಇನ್ನೊಬ್ಬರ ಮನೆಯ ಸುದ್ದಿ ಬಿಟ್ಟರೆ ಬೇರೆ ಉದ್ಯೋಗವಿರುವುದಿಲ್ಲ. ಒಬ್ಬರಿಗೆ "ಸರ್ಕಾರದಾಗ ಅದಾಳ" ಎಂದೆ. ಇನ್ನೊಬ್ಬರಿಗೆ "ಸಂಶೋಧನಾ ಮಾಡ್ತಾಳ" ಎಂದೆ. ಮೂರನೆಯವರಿಗೆ "ನಿನ್ನ ಹಿಟ್ಟು ಆಗೈತಿ, ಎತ್ತು" ಎಂದೆ.

ನಾನು ಓದಿದ್ದು ನಮ್ಮೂರ ಸಾಲೆಯಲ್ಲಿ ಏಳನೆಯ ಇಯತ್ತೆಯವರೆಗೆ. ಅವಳು ಹತ್ತೊಂಬತ್ತು ವರ್ಷ ಓದಿ ಧಾರವಾಡದ ಕಡೆ ಒಂದು ಸಂಶೋಧನಾ ಕೇಂದ್ರ ಸೇರಿದ್ದಳು. ಮೊದಲ ಎರಡು ವರ್ಷ ಬಸ್ಸಿನ ಡ್ರೈವರುಗಳ ಸೀಟು ಅಳೆದಳು. ಆಗ ಮುದ್ದೇಬಿಹಾಳದಿಂದ ನನ್ನ ತಂಗಿ ಬಂದು ಒಂದು ತಾಸು ಅತ್ತು ಹೋದಳು. "ಅಣ್ಣಾ, ಬಂಗಾರದ ಪದಕ ತಗೊಂಡ ಹುಡಿಗಿ ಡ್ರೈವರ್ ಮಂದಿ ಕುಂಡಿ ಅಗಲ ಅಳದು ಬರಕೋತಾಳಂತ ಬೀಗರ ಮುಂದ ಯಾವ ಬಾಯಿಲೆ ಹೇಳ್ಲಿ?" ಉತ್ತರವಿಲ್ಲದಾಗ ನಾನು ಮಾಡುವಂತೆ ಅವಳನ್ನೇ ಬೈದು ಕಳಿಸಿದೆ.

ತೊಂಬತ್ತೊಂಬತ್ತನೆಯ ಇಸವಿ, ಶ್ರಾವಣದ ಮೊದಲ ವಾರ. ಯಂಕಂಚಿಯ ಬಾಜು ಇರುವ ನಮ್ಮ ಹಳ್ಳಿಗೆ ಸಿಂದಗಿಯ ಬಸ್ಸಿನಿಂದ ರಾಜೇಶ್ವರಿ ಇಳಿದಳು. ಹೆಗಲಿಗೆ ಉದ್ದನೆಯ ಬಟ್ಟೆಚೀಲ. ಅದರೊಳಗೆ ನಾಲ್ಕು ತುಂಡು ಜೋಡಿಸಿದರೆ ನನಗಿಂತ ಎತ್ತರವಾಗುವ ಒಂದು ಉಕ್ಕಿನ ಕೋಲು, ಏಡಿಯ ಕೊಂಡಿಯಂತಹ ಒಂದು ಚಿಮಟ, ಹಿಮ್ಮಡಿ ಊರಲು ತುದಿಯಲ್ಲಿ ಅಡ್ಡಪಟ್ಟಿ ಇದ್ದ ಒಂದು ಹಲಗೆ. ನನ್ನ ಹೆಂಡತಿ ಸುಮಿತ್ರಾಬಾಯಿ ಚಹಾ ಕೊಟ್ಟಳು. ನಾನು ವಿಷಯ ಕೇಳಿದೆ.

"ಮಾಮಾ, ಮನುಷ್ಯಾಗ ತಕ್ಕಂಗ ಸಾಮಾನ ಇರಬೇಕು. ಸಾಮಾನಿಗೆ ತಕ್ಕಂಗ ಮನುಷ್ಯಾ ಬಗ್ಗಬಾರದು. ಅದಕ್ಕ ಮಂದಿ ಮೈ ಅಳತಿ ತಗೋತೇವಿ. ಇದಕ್ಕ ಎರ್ಗೊನಾಮಿಕ್ಸ್ ಅಂತಾರ."

"ಅಂದ್ರ ಬಡಿಗ್ಯಾರ ಕೆಲಸ."

"ಹಂಗ ತಿಳ್ಕೋರಿ."

"ಅದಕ್ಕ ಹತ್ತೊಂಬತ್ತು ವರ್ಷ ಸಾಲಿ ಕಲೀಬೇಕಾಗಿತ್ತಾ?"

ಅವಳು ನಕ್ಕಳು. ಆದರೆ ಚಹಾ ಮುಗಿಯುವಷ್ಟರಲ್ಲಿ ಆ ನಗು ಉಳಿಯಲಿಲ್ಲ. ಅವಳ ನೌಕರಿ ಕಾಯಂ ಆಗಿರಲಿಲ್ಲ. ಮೂರು ವರ್ಷದ ಗಡುವು ಆ ತಿಂಗಳಿಗೆ ತೀರುತ್ತಿತ್ತು. ಹೊಲದಲ್ಲಿ ದುಡಿಯುವ ನೂರು ಜನರ ಅಳತೆ, ಒಬ್ಬೊಬ್ಬರದು ಮೂವತ್ತೆರಡು ಬಾಬು, ಹತ್ತು ದಿನದೊಳಗೆ ಸಾಹೇಬರ ಮೇಜಿನ ಮೇಲೆ ಬಿದ್ದರೆ ಕೆಲಸ ಕಾಯಂ. ತೊಂಬತ್ತೊಂಬತ್ತಾದರೂ ನಡೆಯುವುದಿಲ್ಲ, ನೂರು ಇಲ್ಲದಿದ್ದರೆ ಲೆಕ್ಕ ಕೂಡುವುದಿಲ್ಲವಂತೆ. ಇಲ್ಲದಿದ್ದರೆ ಮುದ್ದೇಬಿಹಾಳಕ್ಕೆ ವಾಪಸು, ತಾಯಿ ನೋಡಿಟ್ಟ ವರನ ಮುಂದೆ ಉಪ್ಪಿಟ್ಟಿನ ತಾಟು.

"ನೂರ ಮಂದಿ!" ನಾನು ಮೀಸೆ ಒರೆಸಿಕೊಂಡೆ. "ನನ್ನ ಗಿರಣಿಗೆ ದಿನಾ ನೂರೈವತ್ತು ಮಂದಿ ಬರ್ತಾರ. ನೀ ಅಳಕೋತ ದಣೀತಿ, ನಾ ನಿಂದರಸ್ಕೋತ ದಣ್ಯಂಗಿಲ್ಲ. ಮಾತು ಕೊಟ್ಟೇನಿ."

ಹಾಗೆ ಮಾತು ಕೊಟ್ಟವನು ನಾನು. ಮುಂದೆ ಆದದ್ದಕ್ಕೆಲ್ಲ ಬೇರೆಯವರು ಕಾರಣ ಎಂದು ಹೇಳಲು ಬಹಳ ಪ್ರಯತ್ನಪಟ್ಟಿದ್ದೇನೆ, ಆಗಿಲ್ಲ.

ಕೆಲಸ ಹಂಚಿಕೊಂಡೆವು. ಹೆಂಗಸರನ್ನು ಒಳಗೆ ಪಡಸಾಲೆಯಲ್ಲಿ ಅವಳೇ ಅಳೆಯುವುದು. ಗಂಡಸರಿಗೆ ಗಿರಣಿಯ ಮುಂದಿನ ಕಟ್ಟೆಯ ಮೇಲೆ ಕೋಲು ಹಿಡಿಯುವವನು ನಾನು, ಅಂಕಿ ಓದಿ ಬರೆಯುವವಳು ಅವಳು. ಇದಲ್ಲದೆ ಪ್ರತಿಯೊಬ್ಬರಿಗೂ ಒಂದು ಒಪ್ಪಿಗೆ ಕಾಗದವಿತ್ತು. ಅಳತೆ ಯಾತಕ್ಕೆ ಎಂದು ಅದರಲ್ಲಿ ಒಂದೂವರೆ ಪುಟ ಬರೆದಿತ್ತು. ಅದನ್ನು ಓದಿ ಹೇಳಿ ಸಹಿ ಹಾಕಿಸುವ ಜವಾಬ್ದಾರಿಯೂ ನನಗೇ ಬಂತು. ನಾನು ಒಮ್ಮೆ ಓದಿದೆ. ಉದ್ದ ಬಹಳವಾಯಿತು. "ಇಲ್ಲೆ ಹೆಬ್ಬಟ್ಟು ಒತ್ತು" ಎಂದರೆ ಅದೇ ಅರ್ಥ ಬರುತ್ತದೆ ಎಂದು ತೀರ್ಮಾನಿಸಿದೆ.

ಮೊದಲ ಅಳತೆ ಹಿರಿಯರದಾಗಲಿ ಎಂದು ನಮ್ಮ ಖಂಡೆಪ್ಪ ಕಾಕಾನನ್ನು ಕರೆತಂದೆ. ಎಂಬತ್ತೆರಡು ವರ್ಷ. ಹಿಂದಿನ ವಾರವಷ್ಟೇ ಜ್ವರದಿಂದ ಎದ್ದಿದ್ದ. ಇವತ್ತಿಗೂ ಬೆಳೆಯ ಸಾಲಿನ ನಡುವೆ ಎಡೆಕುಂಟೆ ಹೊಡೆದು ಕಳೆ ತೆಗೆಯುತ್ತೇನೆಂದು ಮಕ್ಕಳ ಜೊತೆ ಜಗಳಾಡುವ ಮುದುಕ. ನಿಂತದ್ದು ಅಳೆದೆವು. ಮೊಣಕೈ ಅಳೆದೆವು. ಆಮೇಲೆ ಗೋಡೆಗೆ ಬೆನ್ನು ಹಚ್ಚಿ ಚಕ್ಕಳಮಕ್ಕಳ ಹಾಕಿ ಕೂಡಿಸಿದೆವು.

"ಅಜ್ಜಾರ, ಅಲಗ್ಯಾಡಬ್ಯಾಡ್ರಿ. ಕಣ್ಣು ಮುಚ್ಚಿದ್ರೂ ನಡೀತೈತಿ," ಎಂದಳು ರಾಜೇಶ್ವರಿ.

ಕಾಕಾ ಕಣ್ಣು ಮುಚ್ಚಿದ. ಹಣೆಯ ಮೇಲೆ ಮೂರು ಬೆರಳಿನ ವಿಭೂತಿ. ನಾನು ನೆತ್ತಿಯ ಮೇಲೆ ಕೋಲು ಇಟ್ಟೆ. "ಕುಂತ ಎತ್ತರ ಎಪ್ಪತ್ತೆಂಟು ಸೆಂಟಿಮೀಟರ." ಮೊಣಕಾಲಿನಿಂದ ಮೊಣಕಾಲಿಗೆ ಚಿಮಟ ಇಟ್ಟೆ. "ಕುಂತ ಅಗಲ ಅರವತ್ತಾರು." ಆಮೇಲೆ ಕಾಲು ಹೊರಗೆ ತೆಗೆಸಿ ಹಲಗೆಯ ಮೇಲೆ ಇಡಿಸಿದೆ. "ಪಾದ ಇಪ್ಪತ್ತೈದು."

ಅಷ್ಟರಲ್ಲಿ ಕಟ್ಟೆಯ ಮುಂದೆ ಧಡಕ್ಕನೆ ಬುಟ್ಟಿ ಬಿತ್ತು. ಎದುರುಮನೆಯ ಬಾಳಮ್ಮ. ಹಿಟ್ಟು ಬೀಸಲು ಬಂದವಳು ಚೆಲ್ಲಿದ ಜೋಳವನ್ನೂ ಬಳಿಯದೆ ಹಿಂದಕ್ಕೆ ಹೋದಳು.

ಇಲ್ಲಿ ಒಂದು ಮಾತು ಹೇಳಲೇಬೇಕು. ನಮ್ಮವರಲ್ಲಿ ಮಣ್ಣು ಕೊಡುವಾಗ ಹೋದವರನ್ನು ಮಲಗಿಸುವುದಿಲ್ಲ, ವಿಭೂತಿ ಹಚ್ಚಿ ಕೂಡಿಸುತ್ತೇವೆ. ಕುಣಿ ಎಷ್ಟು ಉದ್ದ, ಎಷ್ಟು ಅಗಲ ತೋಡಬೇಕೆಂಬುದನ್ನು ಹೋದವರ ಪಾದದ ಅಳತೆಯಿಂದಲೇ ಹಿಡಿಯುತ್ತೇವೆ. ಬದುಕಿದವನ ಪಾದವನ್ನು ಚಪ್ಪಲಿ ಹೊಲಿಯುವವನು ಬಿಟ್ಟರೆ ಯಾರೂ ಅಳೆಯುವುದಿಲ್ಲ. ಇದು ಇಡೀ ಊರಿಗೆ ಗೊತ್ತು. ನನಗೂ ಗೊತ್ತು. ಆ ಹೊತ್ತಿಗೆ ತಲೆಯಲ್ಲಿ ಅಂಕಿ ತುಂಬಿದ್ದರಿಂದ ನೆನಪಾಗಲಿಲ್ಲ.

ಬಾಳಮ್ಮನ ಬಾಯಿಗೆ ಕರೆಂಟು ಬೇಕಾಗುವುದಿಲ್ಲ. ಮಧ್ಯಾಹ್ನದೊಳಗೆ ಊರಿಗೆಲ್ಲ ಗೊತ್ತಾಯಿತು: ಗಿರಣಿಯ ಸಿದ್ದಲಿಂಗಪ್ಪ ತನ್ನ ಸ್ವಂತ ಕಾಕಾನನ್ನು ಜೀವ ಇರುವಾಗಲೇ ಗೋಡೆಗೆ ಆನಿಸಿ ಕೂಡಿಸಿ ಕುಣಿಯ ಅಳತೆ ತೆಗೆದಿದ್ದಾನೆ, ಬರೆದುಕೊಳ್ಳಲು ಸರ್ಕಾರದಿಂದ ಒಬ್ಬಾಕೆಯನ್ನು ಕರೆಸಿದ್ದಾನೆ.

ಸಂಜೆ ಕಾಕಾನ ಮಗಳು ವಿಜಯಶ್ರೀ ಬಸವನ ಬಾಗೇವಾಡಿಯಿಂದ ಬಸ್ಸು ಹಿಡಿದು ಬಂದಳು. ಯಾರು ಫೋನು ಮಾಡಿದರೋ ದೇವರಿಗೇ ಗೊತ್ತು. ದಾರಿಯುದ್ದಕ್ಕೂ ಅತ್ತು ಅಂಗಳಕ್ಕೆ ಬಂದರೆ ಕಾಕಾ ಹುಳಿಬಾನ ಉಣ್ಣುತ್ತಿದ್ದ. ಮುಖ ನೋಡಿದ್ದೇ ಅವಳ ಅಳು ಸಿಟ್ಟಿಗೆ ತಿರುಗಿತು.

"ಸಿದ್ದಣ್ಣಾ, ನಮ್ಮಪ್ಪ ನಿನಗೇನು ಭಾರ ಆಗ್ಯಾನು? ಜ್ವರಾ ಬಿಟ್ಟು ಎಂಟು ದಿನಾ ಆಗಿಲ್ಲ, ಅಷ್ಟರಾಗ ಟೇಪ್ ಹಿಡ್ಕೊಂಡು ಬಂದಿಯಲ್ಲ!"

"ಅದು ಟೇಪ್ ಅಲ್ಲ, ಕೋಲು!" ಎಂದೆ. ಆ ಗಳಿಗೆಗೆ ನನಗೆ ಹೊಳೆದ ಸಮರ್ಥನೆ ಅಷ್ಟೇ.

ಮರುದಿನ ಗಿರಣಿಗೆ ಒಂದು ನರಪಿಳ್ಳೆ ಬರಲಿಲ್ಲ. ಊರಿನ ಮುದುಕರೆಲ್ಲ ನಮ್ಮ ಓಣಿ ಬಿಟ್ಟು ಕೆರೆಯ ಕಡೆಯಿಂದ ಸುತ್ತುಹಾಕಿ ನಡೆಯತೊಡಗಿದರು. ಒಬ್ಬನಂತೂ ನನ್ನನ್ನು ದೂರದಿಂದ ನೋಡಿ ಚಪ್ಪಲಿ ಬಿಟ್ಟವನು ಮತ್ತೆ ಮೆಟ್ಟಿಕೊಂಡ. ಎರಡು ದಿನ ಹೋದವು. ರಾಜೇಶ್ವರಿಯ ವಹಿಯಲ್ಲಿ ಒಂದೇ ಹೆಸರು.

"ಮಾಮಾ, ಮಂದಿ ಯಾಕ ಬರವಲ್ರು?"

"ಬರ್ತಾರ. ಅಮಾಸಿ ಮುಗದೈತಿ, ಇನ್ನ ಬರ್ತಾರ," ಎಂದು ಏನೋ ಅಂದೆ. ನಿಜ ಹೇಳಿದರೆ ಅವಳಿಗೆ ನೋವಾದೀತೆಂದಲ್ಲ. ಮಾತು ಕೊಟ್ಟವನು ನಾನು, ಅದಕ್ಕೆ.

"ಹೋಗಿ ಎಲ್ಲಾರಿಗೂ ಸಮಾಧಾನಲೆ ತಿಳಿಸಿ ಹೇಳ್ರಿ," ಎಂದಳು ಸುಮಿತ್ರಾಬಾಯಿ. ಇಪ್ಪತ್ತೆಂಟು ವರ್ಷ ನನ್ನ ಜೊತೆ ಸಂಸಾರ ಮಾಡಿದವಳು ಸಮಾಧಾನದ ಕೆಲಸಕ್ಕೆ ನನ್ನನ್ನು ಕಳಿಸಿದ್ದು ಅವಳ ತಪ್ಪು.

ಹೋದೆ. ಹಣಮಪ್ಪನ ಗುಡಿಯ ಕಟ್ಟೆಯ ಮೇಲೆ ಇಪ್ಪತ್ತು ಜನ ಕೂತಿದ್ದರು. ನಾನು ಹೋದ ಕೂಡಲೇ ಎಲ್ಲರೂ ಪಾದಗಳನ್ನು ಧೋತರದೊಳಗೆ ಎಳೆದುಕೊಂಡರು. ಅದನ್ನು ನೋಡಿಯೇ ನನ್ನ ಸಿಟ್ಟು ನೆತ್ತಿಗೇರಿತು. ಮೇಲೆ ಬಾಳಮ್ಮನ ಗಂಡ ಅಂದ: "ಸಿದ್ದಲಿಂಗಪ್ಪಾ, ಕುಣಿಗಿ ಅಳತಿ ತಗಿಯಾಕತ್ತೀಯಂತ. ಖರೇನು?"

"ಹೌದೋ! ಕುಣಿಗೇ!" ನಾನು ಕೂಗಿದೆ. "ನಿಮಗೆಲ್ಲಾ ಕುಣಿ ಅಳದು ನಂಬರ ಹಾಕಿ ಇಡಾಕತ್ತೇವಿ! ಅಳತಿ ಕೊಟ್ಟವಗ ಜಾಗಾ ಐತಿ, ಕೊಡದವಗ ಇಲ್ಲ! ಆಮ್ಯಾಲೆ ಬಂದು ನನ್ನ ಮುಂದ ಅಳಬ್ಯಾಡ್ರಿ!"

ಇಷ್ಟು ಹೇಳಿ ಧೋತರ ಕೊಡವಿ ಮನೆಗೆ ಬಂದೆ. ಮನಸ್ಸಿಗೆ ಹಗುರವಾಗಿತ್ತು.

ನಾನು ಜನ್ಮದಲ್ಲಿ ಒಮ್ಮೆಯೂ ಚೇಷ್ಟೆ ಮಾಡಿದವನಲ್ಲ. ಊರಿಗೆ ಇದು ಚೆನ್ನಾಗಿ ಗೊತ್ತು. ಅದೇ ಕೆಲಸ ಕೆಡಿಸಿತು. ನಮ್ಮೂರ ಮಣ್ಣಿನ ಜಾಗ ಎಂದರೆ ಹಳ್ಳದ ದಂಡೆಯ ಒಂದು ತುಣುಕು. ಹೊಸಬರಿಗೆ ಕುಣಿ ತೋಡಲು ಹೋದರೆ ಹಳಬರು ಯಾರಾದರೂ ಸಿಗುತ್ತಿದ್ದರು. ಇನ್ನಷ್ಟು ಜಾಗ ಕೊಡಿರೆಂದು ಊರವರು ಅರ್ಜಿ ಬರೆದು ಬರೆದು ಬೇಸತ್ತಿದ್ದರು. ಅಂಥ ಊರಿನಲ್ಲಿ "ಅಳತಿ ಕೊಟ್ಟವಗ ಜಾಗಾ" ಎಂಬ ಮಾತು ಬಿದ್ದರೆ ಏನಾಗಬೇಕೋ ಅದೇ ಆಯಿತು.

ಮರುದಿನ ಬೆಳಗ್ಗೆ ಬಾಗಿಲು ತೆಗೆದರೆ ಗಿರಣಿಯಿಂದ ಹುಣಸೆಗಿಡದವರೆಗೆ ಸಾಲು. ಎಲ್ಲರಿಗಿಂತ ಮುಂದೆ ಬಾಳಮ್ಮ, ಕಾಲು ತಿಕ್ಕಿ ತೊಳೆದುಕೊಂಡು ಬಂದಿದ್ದಳು.

"ನೋಡ್ರಿ ಮಾಮಾ, ನೀವು ಹೋಗಿ ತಿಳಿಸಿ ಹೇಳಿದ್ದು ಎಷ್ಟು ಛಲೋ ಆತು!" ಎಂದಳು ರಾಜೇಶ್ವರಿ. ಅವಳ ಕಣ್ಣಲ್ಲಿ ನೀರು ಬಂದಿತ್ತು. ನಾನು ಆಕಾಶ ನೋಡಿದೆ. ನಿಜ ಏನೆಂಬುದು ನನಗೆ ಸಾಲು ನೋಡಿದಾಗಲೇ ಹೊಳೆದಿತ್ತು. ಆದರೆ ಎದುರಿಗೆ ಎಂಬತ್ತು ಜನ ಇದ್ದರು, ಬೇಕಾದದ್ದು ನೂರು.

ಅಳತೆ ಭರದಿಂದ ನಡೆಯಿತು. ಇಂಥ ಜನರನ್ನು ಎಲ್ಲಿಯೂ ಕಂಡಿಲ್ಲವೆಂದು ಅವಳು ಹೇಳುತ್ತಿದ್ದಳು. ಅವಳು ಹೇಳುವ ಮೊದಲೇ ಬೆನ್ನು ಗೋಡೆಗೆ ಹಚ್ಚುತ್ತಿದ್ದರು, ಚಕ್ಕಳಮಕ್ಕಳ ಹಾಕಿ ಕಣ್ಣು ಮುಚ್ಚುತ್ತಿದ್ದರು. ಕೆಲವರು ವಿಭೂತಿಯನ್ನೂ ಹಚ್ಚಿಕೊಂಡು ಬಂದಿದ್ದರು. ಬಾಳಮ್ಮ ಒಳಗೆ ಅಳತೆ ಕೊಟ್ಟು ಹೊರಗೆ ಬಂದು ನನ್ನ ಕಿವಿಯಲ್ಲಿ ಹೇಳಿದಳು: "ಅಣ್ಣಾ, ನಮ್ಮ ಮೈದುನನ ಹೇಣ್ತಿ, ಆ ನೆಗೆಣ್ಣಿ ಬಾಜೂಕ ನನ್ನ ನಂಬರ ಹಾಕಬ್ಯಾಡ. ಇಲ್ಲಿ ಅನುಭೋಗಿಸಿದ್ದ ಸಾಕಾಗೈತಿ."

ಎರಡನೆಯ ದಿನ ಇಂಗಳೇಶ್ವರದಿಂದ ವಿಜಯಶ್ರೀಯ ಅತ್ತೆಯ ಕಡೆಯವರು ನಾಲ್ವರು ಬಂದು "ಬೀಗಸ್ತನ ಐತಿ, ನಮಗೂ ಒಂದೊಂದು ಬರ್ಕೋರಿ" ಎಂದು ಕೂತರು. ಮಧ್ಯಾಹ್ನ ಗ್ರಾಮಲೆಕ್ಕಿಗ ಯಂಕಪ್ಪ ಸೈಕಲ್ಲು ಒರಗಿಸಿ ನನ್ನನ್ನು ಬದಿಗೆ ಕರೆದ. ಮುಖದಲ್ಲಿ ರಕ್ತವಿರಲಿಲ್ಲ.

"ಸಿದ್ದಲಿಂಗಪ್ಪಾರ, ಜಾಗಾದ ಫೈಲು ನನ್ನ ಕಡೆ ಐತಿ. ನನಗ ಗೊತ್ತಿಲ್ಲದಂಗ ಅಳತಿ ಹ್ಯಾಂಗ ಸುರು ಆತ್ರಿ? ಮ್ಯಾಲಿಂದ ಆರ್ಡರ ಬಂದೈತೇನು?"

"ಬಂದೈತಿ," ಎಂದೆ. ಮೇಲಿನಿಂದ ಏನೋ ಒಂದು ಬಂದಿತ್ತು, ಧಾರವಾಡದಿಂದ.

ಯಂಕಪ್ಪ ಸಾಲನ್ನು ನೋಡಿದ. ದನಿ ತಗ್ಗಿಸಿದ. "ನಂದು ಇಂಡಿ ಕಡೆ, ಸಾಲೋಟಗಿ. ನೌಕರಿಗಂತ ಬಂದಾಂವ. ಪರ ಊರಿನವರಿಗಿ ಅವಕಾಶ ಐತೇನ್ರಿ? ನಾಕ ಎಕರೆ ಹೊಲಾ ಮಾಡ್ತೇನಿ ಮತ್ತ." ಚಪ್ಪಲಿ ಬಿಟ್ಟು ಸಾಲಿಗೆ ನಿಂತ.

ಮೂರನೆಯ ದಿನ ಸಂಜೆಗೆ ಎಂಬತ್ತೊಂಬತ್ತು ಆಯಿತು. ತೊಂಬತ್ತನೆಯವನು ಬಡಿಗ ಗೈಬುಸಾಬ. ಊರಿನ ಕುಂಟೆ, ಕೂರಿಗೆ, ಬಾಗಿಲು, ಚೌಕಟ್ಟು ಎಲ್ಲ ಅವನ ಕೈಯವೇ. ಅಳತೆಯ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ನಿಂತದ್ದು ಕೊಟ್ಟ. ಕೂತದ್ದಕ್ಕೆ ಬಂದಾಗ ತಕರಾರು ತೆಗೆದ.

"ಬಾಯಾರ, ಇಲ್ಲೆ ಅಳತಿ ತಪ್ಪಾಗಾಕತ್ತೈತ್ರಿ."

"ಏನು ತಪ್ಪಾತ್ರಿ?"

"ನಮ್ಮ ಮಂದೀನ ಕುಂದರಸಂಗಿಲ್ರಿ, ಮಲಗಸ್ತಾರ್ರಿ. ನಮ್ಮದು ಬ್ಯಾರೆ ಜಾಗಾನೂ ಐತಿ. ಖರೆ ಮನ್ಯಾಗ ನಮ್ಮ ಜನ್ನತಬಿ ಕೇಳವಲ್ಲಳು. ಎಲ್ಲಾರೂ ಕೊಟ್ಟಾರ, ನೀನೂ ಕೊಟ್ಟ ಬಾ ಅಂದ್ಳು. ಅದಕ್ಕ ಬಂದೇನಿ. ತಗೊಳ್ಳೂದ ಇದ್ರ ಸರಿಯಾಗಿ ತಗೋರಿ." ಹೀಗೆಂದು ಕಟ್ಟೆಯ ಮೇಲೆ ಉದ್ದಕ್ಕೆ ಮಲಗಿ, ಟೊಪ್ಪಿಗೆ ಸರಿಮಾಡಿಕೊಂಡು ಕಣ್ಣು ಮುಚ್ಚಿದ.

ರಾಜೇಶ್ವರಿ ಪೆನ್ನು ಕೆಳಗಿಟ್ಟಳು. "ಗೈಬುಸಾಬ ಕಾಕಾ, ಇದು ಯಾತರ ಅಳತಿ ಅಂತ ತಿಳ್ಕೊಂಡೀರಿ?"

ಅವನು ಕಣ್ಣು ತೆರೆಯದೆಯೇ ಹೇಳಿದ. ಹೇಳಬಾರದಿತ್ತು, ಹೇಳಿದ. ನಾನು ಗುಡಿಯ ಕಟ್ಟೆಯ ಮೇಲೆ ಅಂದ ಮಾತನ್ನು ಒಂದಕ್ಷರ ಬಿಡದೆ ಹೇಳಿದ. ಬಡಿಗರ ನೆನಪು ಕೆಟ್ಟದ್ದು.

ಅವಳು ನನ್ನ ಕಡೆ ತಿರುಗಿದಳು. ನಾನು ಗಿರಣಿಯ ಪಟ್ಟಾ ನೋಡುತ್ತಿದ್ದೆ.

"ಮಾಮಾ, ಒಪ್ಪಿಗಿ ಕಾಗದ ಓದಿ ಹೇಳಿದ್ರ್ಯೋ ಇಲ್ಲೋ?"

"ಹೆಬ್ಬಟ್ಟು ಒತ್ತಿಸೇನಿ."

"ಓದಿ ಹೇಳಿದ್ರ್ಯೋ ಇಲ್ಲೋ?"

ನನಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಅವಳು ಕೂಗಾಡಿದ್ದರೆ ನಾನೂ ಕೂಗಾಡುತ್ತಿದ್ದೆ. ಅವಳು ಸುಮ್ಮನೆ ಎಂಬತ್ತೊಂಬತ್ತು ಕಾಗದಗಳನ್ನು ಒಂದರ ಮೇಲೊಂದು ಜೋಡಿಸಿ ದಾರ ಕಟ್ಟಿದಳು.

"ಸುಳ್ಳು ಹೇಳಿ ತಗೊಂಡ ಅಳತಿ ನಾ ಕೊಡೂದಿಲ್ಲ. ನೌಕರಿ ಹೋದ್ರ ಹೋಗ್ಲಿ. ನಾಳೆ ಬಸ್ಸಿಗೆ ಮುದ್ದೇಬಿಹಾಳಕ್ಕ ಹೋಗ್ತೇನಿ."

ಒಳಗಿನಿಂದ ಸುಮಿತ್ರಾಬಾಯಿ ಬಂದಳು. ಅವಳು ನನಗೆ ಹೇಳಿದ್ದನ್ನು ಇಲ್ಲಿ ಬರೆಯುವುದಿಲ್ಲ. ಒಟ್ಟು ತಾತ್ಪರ್ಯ, ಊರು ಕೂಡಿಸಿ ಖರೆ ಹೇಳಿ ಬರುವ ತನಕ ನನಗೆ ರೊಟ್ಟಿ ಇಲ್ಲ.

ಮರುದಿನ ಚಾವಡಿಯ ಮುಂದೆ ಡಂಗುರ ಹೊಡೆಸಿದೆ. ಊರೆಲ್ಲ ಕೂಡಿತು. ಕುಣಿಗಳ ನಂಬರು ಓದುತ್ತಾರೆಂದು ತಿಳಿದು ಬಂದಿದ್ದರು. ಬಾಳಮ್ಮ ಮುಂದೆಯೇ ಕೂತಿದ್ದಳು, ಅವಳ ನೆಗೆಣ್ಣಿ ದೂರ.

ನಾನು ಎದ್ದು ನಿಂತು ಹೇಳಿದೆ: "ಕೇಳ್ರಿ. ಯಾವ ಕುಣೀನೂ ಇಲ್ಲ, ಯಾವ ಜಾಗಾನೂ ಇಲ್ಲ. ಸಿಟ್ಟಿನ್ಯಾಗ ಅಂದೇನಿ. ತಪ್ಪ ನಂದು. ಈ ಹುಡಿಗಿ ಅಳತಿ ತಗೊಂಡಿದ್ದು ಎಡಿಕುಂಟಿ ಮಾಡಾಕ, ಹೆಂಗಸರು ಕುಂತು ಮಾಡೂ ಕೆಲಸಕ್ಕ ಸಾಮಾನ ಮಾಡಾಕ."

ಬಾಳಮ್ಮನ ಗಂಡ ಎದ್ದ. "ಜಾಗಾ ಎಲ್ಲಾ ನಿಮ್ಮ ಮನೆತನಕ್ಕ ಹಿಡದ್ಯಾ ಏನು? ಈಗ ಇಲ್ಲಂತಿ!"

"ಹೌದ್ಹೌದು! ನಾವು ಕಾಲು ತೊಳಕೊಂಡು ಬಂದಿದ್ದು ಕುಂಟಿಗೇನು?" ಎಂದಳು ಬಾಳಮ್ಮ.

ಯಂಕಪ್ಪ ಮಾತ್ರ ದೊಡ್ಡದಾಗಿ ಉಸಿರು ಬಿಟ್ಟ. ಉಳಿದವರೆಲ್ಲ ಒಮ್ಮೆಲೆ ಎದ್ದರು. ನನ್ನ ಜನ್ಮದಲ್ಲಿ ಮೊದಲ ಸಲ ಖರೆ ಒಪ್ಪಿಕೊಂಡಿದ್ದೆ, ಒಬ್ಬನೂ ನಂಬಲಿಲ್ಲ. ಗದ್ದಲದಲ್ಲಿ ರಾಜೇಶ್ವರಿ ಎದ್ದು ಬಂದಳು. ಚಾವಡಿಯ ಗೋಡೆಗೆ ಯಾರೋ ಒರಗಿಸಿಟ್ಟಿದ್ದ ಎಡೆಕುಂಟೆಯನ್ನು ಎಳೆದು ತಂದು ನಡುವೆ ನಿಲ್ಲಿಸಿ ಗೈಬುಸಾಬನನ್ನು ಕೇಳಿದಳು.

"ಕಾಕಾ, ಇದರ ಮೇಳಿ, ಈ ಕೈ ಹಿಡಿಯೂ ಗೂಟ, ಎಷ್ಟು ಎತ್ತರ ಇಡ್ತೀರಿ?"

"ಒಂದ ಅಳತಿ ಐತ್ರಿ. ನಮ್ಮ ಅಬ್ಬಾ ಇಟ್ಟಿದ್ದು. ನಲವತ್ತು ವರ್ಷದಾಗ ಒಂದು ನೂಲು ಆಚೆ ಈಚೆ ಆಗಿಲ್ಲ."

"ನಿಮ್ಮ ಅಬ್ಬಾ ಆ ಅಳತಿ ಎಲ್ಲಿಂದ ತಗೊಂಡಿದ್ರು?"

"ತಮ್ಮ ನಡಕ್ಕ ಹಿಡದು ನೋಡತಿದ್ರು."

"ಅವರು ಎಷ್ಟು ಎತ್ತರ ಇದ್ರು?"

ಗೈಬುಸಾಬ ಮೇಳಿಯ ಮೇಲೆ ಕೈ ಇಟ್ಟು ನೋಡಿದ. ಅವನ ಅಪ್ಪ ಹಾಜಿಮಲಂಗನನ್ನು ನೋಡದವರು ಅಲ್ಲಿ ಕಡಿಮೆ. ದೊಡ್ಡ ಮನುಷ್ಯ, ದೊಡ್ಡ ಕೈ. ಆದರೆ ಬಾಗಿಲಿನ ಮೇಲಿನ ಚಿಲಕ ಹಾಕಬೇಕಾದರೆ ಮಣೆಯ ಮೇಲೆ ಹತ್ತುತ್ತಿದ್ದ.

ಮೊದಲು ಖಂಡೆಪ್ಪ ಕಾಕಾನ ಕೈ ತನ್ನ ನಡುವಿನ ಮೇಲೆ ಹೋಯಿತು. ಆಮೇಲೆ ಬಾಳಮ್ಮನ ಗಂಡನದು. ಆಮೇಲೆ ಒಬ್ಬೊಬ್ಬರಾಗಿ ಇಡೀ ಚಾವಡಿಯ ಕೈಗಳು ನಡುವಿಗೆ ಹೋದವು. ನಲವತ್ತು ವರ್ಷದಿಂದ ಒಂದು ಇಡೀ ಊರು ಹಾಜಿಮಲಂಗನ ಎತ್ತರಕ್ಕೆ ಬಗ್ಗಿ ಕುಂಟೆ ಹೊಡೆದಿತ್ತು.

"ಯಪ್ಪಾ," ಎಂದ ಕಾಕಾ. "ನಾ ನನ್ನ ಕರ್ಮ ಅಂತ ತಿಳ್ಕೊಂಡಿದ್ನೆಲ್ಲೋ."

"ಅಬ್ಬಾಗ ಏನೂ ಅನಬ್ಯಾಡ್ರಿ," ಎಂದ ಗೈಬುಸಾಬ. ಅವನ ಕೈಯೂ ನಡುವಿನ ಮೇಲೆಯೇ ಇತ್ತು.

ಆ ದಿನದಿಂದ ರಾಜೇಶ್ವರಿ ಒಪ್ಪಿಗೆ ಕಾಗದವನ್ನು ತಾನೇ ಎಲ್ಲರಿಗೂ ಓದಿ ಹೇಳಿದಳು. ಒಂದೂವರೆ ಪುಟ, ಒಬ್ಬೊಬ್ಬರಿಗೆ. ನನ್ನನ್ನು ಆ ಕಡೆಗೆ ಸುಳಿಯಗೊಡಲಿಲ್ಲ. ಕೆಲವರು ಮುನಿಸಿಕೊಂಡು ಹೆಸರು ಹೊಡೆಸಿದರು. ಇಂಗಳೇಶ್ವರದವರು ಬೀಗಸ್ತನ ಮುರಿದಷ್ಟು ಸಿಟ್ಟು ಮಾಡಿ ಹೋದರು. ಹೊಸಬರು ಬಂದರು. ಗೈಬುಸಾಬ ತಕರಾರಿಲ್ಲದೆ ಚಕ್ಕಳಮಕ್ಕಳ ಹಾಕಿದ. ಬಾಳಮ್ಮ ಎರಡು ದಿನ ತಡೆದು ಬಂದು, ಕಳೆ ಕೀಳುವಾಗ ತನ್ನ ಮೊಣಕಾಲು ಎಲ್ಲೆಲ್ಲಿ ನೋಯುತ್ತದೆಂದು ತಾನಾಗಿಯೇ ತೋರಿಸಿ ಬರೆಸಿದಳು.

ಕೊನೆಯ ದಿನ ಮಧ್ಯಾಹ್ನ ಮೂರೂವರೆಗೆ ವಹಿಯಲ್ಲಿ ತೊಂಬತ್ತೊಂಬತ್ತು. ನಾಲ್ಕಕ್ಕೆ ಸಿಂದಗಿಯ ಬಸ್ಸು. ಅದು ತಪ್ಪಿದರೆ ಮರುದಿನ ಬೆಳಗ್ಗೆ ಧಾರವಾಡ ಮುಟ್ಟುವುದಿಲ್ಲ.

"ಒಬ್ಬರು ಬೇಕು, ಮಾಮಾ."

"ಬಂದ್ರು ತಡಿ." ಓಣಿಯ ಎರಡೂ ತುದಿ ನೋಡಿದೆ. ಅದು ಹುಣ್ಣಿಮೆಯ ಹಿಂದಿನ ದಿನ, ಮಂದಿ ಎಲ್ಲ ಹೊಲದಲ್ಲಿದ್ದರು. ಕಟ್ಟೆಯ ಮೇಲೆ ಖಂಡೆಪ್ಪ ಕಾಕಾ, ಗೈಬುಸಾಬ, ಇಬ್ಬರೇ. ಇಬ್ಬರದೂ ಆಗಿತ್ತು.

"ಯಾಕ್ರಿ," ಎಂದಳು ಸುಮಿತ್ರಾಬಾಯಿ ಬಾಗಿಲಲ್ಲಿ ನಿಂತು, "ನಿಮ್ಮದಾಗಿಲ್ಲಲ್ಲ?"

ನಾನು ಇಂಥ ಮಾತು ಬರುತ್ತದೆಂದು ಹತ್ತು ದಿನದಿಂದ ತಯಾರಾಗಿದ್ದೆ. "ನಾ ಗಿರಣಿಯಾಂವ. ಹೊಲದಾಗ ದುಡಿಯೂ ಮಂದಿ ಬೇಕು."

"ಹೋದ ವರ್ಷ ತೊಗರ್ಯಾಗ ಎಂಟು ದಿನಾ ಕುಂಟಿ ಹೊಡದು ಹದಿನೈದು ದಿನಾ ನಡಾ ಹಿಡಕೊಂಡು ಮಲಗಿದ್ದು ಯಾರು?"

"ಕೋಲು ಹಿಡಿಯಾವ ನಾ. ನನಗ ಯಾರು ಹಿಡೀಬೇಕು?"

ಗೈಬುಸಾಬ ಎದ್ದ. "ನಾ ಹಿಡೀತೇನ್ರಿ."

ಜನ ಕುತಂತ್ರಿಗಳು. ನಿಂತೆ. ನಿಂತ ಎತ್ತರ ಕೊಟ್ಟೆ. ಮೊಣಕೈ, ಹೆಗಲು, ಮುಷ್ಟಿ ಕೊಟ್ಟೆ. ಗೋಡೆಗೆ ಬೆನ್ನು ಹಚ್ಚಿ ಕೂತೆ. ಗೈಬುಸಾಬನ ಕೋಲು ನೆತ್ತಿಗೆ ತಾಕಿದಾಗ ಬೆವರಿದೆ. ಆದರೂ ಕಣ್ಣು ಮಾತ್ರ ಮುಚ್ಚಲಿಲ್ಲ, ಅಷ್ಟು ಎಚ್ಚರದಲ್ಲಿದ್ದೆ. ಮೂವತ್ತೊಂದು ಬಾಬು ಮುಗಿಯಿತು.

"ಪಾದ ಇಡ್ರಿ, ಮಾಮಾ."

"ಪಾದ ಬ್ಯಾಡ. ಮೂವತ್ತೊಂದು ಸಾಕು."

"ಮೂವತ್ತೆರಡು ಬೇಕು."

"ಸೆಗಣಿ ತುಳದೇನಿ."

ಸುಮಿತ್ರಾಬಾಯಿ ತಂಬಿಗೆ ತಂದು ನೀರು ಸುರಿದಳು.

"ಕಾಲಾಗ ಆಣಿ ಐತಿ. ಅಳತಿ ಸರಿ ಬರಂಗಿಲ್ಲ. ಕಾಕಾನ ಪಾದಾನ ಬರ್ಕೋ, ಒಂದ ವಂಶ."

ದೂರದಲ್ಲಿ ಬಸ್ಸಿನ ಹಾರ್ನು ಕೇಳಿತು. ರಾಜೇಶ್ವರಿ ವಾಚು ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ಹಲಗೆಯನ್ನು ನನ್ನ ಕಾಲಿನ ಮುಂದೆ ಸರಿಸಿದಳು. ಕಾಕಾ ಕಟ್ಟೆಯ ಆ ತುದಿಯಿಂದ ತಂಬಾಕು ತಿಕ್ಕುತ್ತ ಕೇಳಿದ:

"ಯಾಕೋ ಸಿದ್ಯಾ, ಅಂಜಿದ್ಯಾ?"

"ನಾ ಯಾರಿಗಿ ಅಂಜಾಂವ!"

"ಹಂಗಾರ ಇಡು. ನಾ ಇಟ್ಟು ಹತ್ತು ದಿನಾ ಆತು. ಕಾಗಿ ಸೈತ ಕೇಳಿಲ್ಲ."

ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಸಿಟ್ಟಿನಲ್ಲಿಯೇ ಕಾಲು ಎತ್ತಿ ಹಲಗೆಯ ಮೇಲೆ ಧಪ್ಪನೆ ಇಟ್ಟೆ. ಸಿಟ್ಟಿರದಿದ್ದರೆ ಆಗುತ್ತಿರಲಿಲ್ಲ. ಗೈಬುಸಾಬ ಬಾಗಿ ಓದಿದ: "ಇಪ್ಪತ್ತಾರು, ಮ್ಯಾಲೆ ನಾಕು ನೂಲು... ಇವರ ಭಾಷಾದಾಗ ನಾಕು ಗೆರಿ." ಅವಳು ಬರೆದಳು, ಒಂದೂವರೆ ಪುಟ ಬಾಯಿಪಾಠದಿಂದ ಗಡಗಡ ಹೇಳಿದಳು, ನನ್ನ ಸಹಿ ತೆಗೆದುಕೊಂಡಳು, ಬಟ್ಟೆ ಚೀಲ ಹೆಗಲಿಗೇರಿಸಿ ಓಡಿದಳು. ಬಸ್ಸು ಹೊರಟಿತ್ತು. ಗ್ರಾಮಲೆಕ್ಕಿಗ ಯಂಕಪ್ಪ ಸೈಕಲ್ಲನ್ನು ರಸ್ತೆಗೆ ಅಡ್ಡ ನಿಲ್ಲಿಸಿ ಬಸ್ಸು ತಡೆದಿದ್ದ. ಅವನು ಮಾಡಿದ ಸರ್ಕಾರಿ ಕೆಲಸಗಳಲ್ಲಿ ಅಷ್ಟು ತ್ವರಿತವಾಗಿ ಆದದ್ದು ಅದೊಂದೇ.

ದೀಪಾವಳಿಗೆ ಪತ್ರ ಬಂತು. ನೌಕರಿ ಕಾಯಂ. ಪತ್ರದ ಜೊತೆ ಗೈಬುಸಾಬನಿಗೆ ಒಂದು ನಕಾಶೆ: ಮೇಳಿಗೆ ಮೇಲಿಂದ ಕೆಳಗೆ ಐದು ತೂತು, ಒಂದು ಗೂಟ, ಯಾರ ಎತ್ತರಕ್ಕೆ ಬೇಕೋ ಆ ತೂತಿಗೆ ಸಿಕ್ಕಿಸುವುದು. ಗೈಬುಸಾಬ ಎರಡು ದಿನ ಅದನ್ನು ನೋಡುತ್ತ ಕೂತ. "ಇಷ್ಟಕ್ಕ ಹತ್ತೊಂಬತ್ತು ವರ್ಷ ಸಾಲಿ ಬೇಕಾತ್ರಿ?" ಎಂದ. "ನಿನಗ ನಲವತ್ತು ವರ್ಷದಾಗ ಹೊಳೀಲಿಲ್ಲಲ್ಲ" ಎಂದೆ. ಎಲ್ಲಕ್ಕಿಂತ ಕೆಳಗಿನ ತೂತನ್ನು ಅವನು ಅಬ್ಬಾನ ಅಳತೆಗೇ ಕೊರೆದ. ಅಷ್ಟು ಅವನ ಹಠ.

ಜೋಳದ ಎಡೆ ಹೊಡೆಯುವ ಹೊತ್ತಿಗೆ ನನ್ನ ಕುಂಟೆ ತಯಾರಾಯಿತು. ಎಂಟು ದಿನ ಹೊಡೆದೆ. ಒಂಬತ್ತನೆಯ ದಿನ ನೆಟ್ಟಗೆ ನಿಂತು ಮನೆಗೆ ಬಂದೆ. ಅಂದು ಯಾರಾದರೂ ಕೇಳಲಿ ಎಂದೇ ಗುಡಿಯ ಕಟ್ಟೆಯ ಮುಂದೆ ನಿಧಾನವಾಗಿ ನಡೆದೆ. "ನನ್ನ ತಂಗಿ ಮಗಳು ಮಾಡಿದ್ದು. ಆಕಿ ಕೆಲಸಾನ ಇದು" ಎಂದು ಹೇಳಲು ಮಾತು ತಯಾರಿತ್ತು.

ಯಾರೂ ಕೇಳಲಿಲ್ಲ. ಕಟ್ಟೆಯ ಮೇಲೆ ಕಾಕಾ ಒಬ್ಬನೇ ಇದ್ದ. ನನ್ನನ್ನು ಕೆಳಗಿನಿಂದ ಮೇಲಕ್ಕೆ ನೋಡಿದ.

"ಸಿದ್ಯಾ, ಅಳತಿ ಕೊಟ್ಟಿ, ಛಲೋ ಆತು. ಖರೆ ಮುಂದ ಜಾಗಾ ಹಿಡಿಯೂ ಹೊತ್ತು ಬಂದಾಗ ನನ್ನ ಬಾಜೂಕ ಹಿಡೀಬ್ಯಾಡ."

"ಯಾಕ?" ಎಂದು ಕೂಗಿದೆ.

"ಇದಕ್ಕ," ಎಂದ ಕಾಕಾ. "ಅಲ್ಲ್ಯಾರ ಒಂದೀಟು ಸುಮ್ಮನ ಕುಂದರಾಕ ಬಿಡು."